ಕಬ್ಬಿನ ದುಡ್ಡು ಬರೋತನಕ

ಈ ಅಂಕಣಕ್ಕೆ ಬರುವ ಕಾಗದಗಳಲ್ಲಿ, ಈಚೆಗೆ ಕಾಗದಕ್ಕಿಂತ ಹೆಚ್ಚಾಗಿ ವಾಟ್ಸಾಪ್‌ನಲ್ಲಿ, ಒಂದೇ ಪ್ರಶ್ನೆ ಬೇರೆ ಬೇರೆ ಸಿಟ್ಟಿನಲ್ಲಿ ಮರಳಿ ಬರುತ್ತಿರುತ್ತದೆ. ಬರೆಯುವವರು ಬಹುಪಾಲು ಮೇಷ್ಟ್ರುಗಳು, ಇಲ್ಲವೇ ಕಷ್ಟಪಟ್ಟು ಮೇಲೆ ಬಂದು ಈಗ ನಿವೃತ್ತರಾಗಿರುವ ನೌಕರರು. 'ಅಕ್ಕಿ ಪುಕ್ಕಟೆ, ಹಾಲು ಪುಕ್ಕಟೆ, ಮೊಟ್ಟೆ ಪುಕ್ಕಟೆ, ಪುಸ್ತಕ ಪುಕ್ಕಟೆ. ಇನ್ನೂ ಬಡತನ ಅಂತ ಎಷ್ಟು ದಿನ ನೆಪ ಹೇಳ್ತೀರಿ? ಸರ್ ಎಂ.ವಿ. ಬೀದಿ ದೀಪದ ಕೆಳಗೆ ಓದಲಿಲ್ಲವಾ?'

ಮಂಡ್ಯದಲ್ಲಿ ಕೂತು ಆ ಹೆಸರಿಗೆ ಎದುರಾಡುವುದು ಕಷ್ಟ. ದೇವರ ಪಟದ ಸಾಲಿನಲ್ಲೇ ನಾಲ್ವಡಿಯವರನ್ನೂ ಪೇಟದ ವಿಶ್ವೇಶ್ವರಯ್ಯನವರನ್ನೂ ತೂಗುಹಾಕಿದ ಮನೆಗಳು ಇಲ್ಲಿ ಈಗಲೂ ಇವೆ. ಇರ್ವಿನ್ ನಾಲೆಗೆ ಆಮೇಲೆ ವಿಶ್ವೇಶ್ವರಯ್ಯನವರ ಹೆಸರೇ ಬಂತು, ನಾಲೆಯಿಂದ ಕೃಷಿ ಸಂಶೋಧನಾ ಕೇಂದ್ರವಾದ ವಿ.ಸಿ. ಫಾರಂಗೂ ಬಂತು. ಹಾಗಾಗಿ ಎದುರಾಡುವುದಿಲ್ಲ, ಅವರ ಕತೆಯನ್ನೇ ಇನ್ನೊಂಚೂರು ಪೂರ್ತಿಯಾಗಿ ಹೇಳುತ್ತೇನೆ. ಚಿಕ್ಕ ವಯಸ್ಸಿನಲ್ಲೇ ತಂದೆ ತೀರಿಕೊಂಡರು, ನಿಜ. ಆದರೆ ಬೆಂಗಳೂರಿನಲ್ಲಿ ಒಬ್ಬ ಸೋದರಮಾವ ಇದ್ದರು. ಓದುತ್ತಲೇ ಬೇರೆಯವರ ಮಕ್ಕಳಿಗೆ ಪಾಠ ಹೇಳಿ ಸಂಪಾದಿಸಲು ಒಂದು ಮನೆ ಸಿಕ್ಕಿತು. ಪುಣೆಯ ಕಾಲೇಜಿಗೆ ಹೋಗಲು ಮೈಸೂರು ಸರ್ಕಾರ ವಿದ್ಯಾರ್ಥಿವೇತನ ಕೊಟ್ಟಿತು. ನೆಂಟರ ಆಸರೆ, ಕೈಗೆ ತಪ್ಪದೆ ಬರುವ ಒಂದಿಷ್ಟು ಕಾಸು, ಸರ್ಕಾರದ ಹಣ, ಮೂರೂ ಇದ್ದವು. ನಮಗೆ ದೀಪದ ಕಂಬ ಮಾತ್ರ ನೆನಪಿದೆ, ಸೋದರಮಾವ ಮರೆತುಹೋಗಿದ್ದಾರೆ. ಆ ಮೂರರಲ್ಲಿ ನಡುವಿನದ್ದು, ಅಂದರೆ ಇಷ್ಟೇ ಆದರೂ ಇಂಥ ದಿನ ಬಂದೇ ಬರುತ್ತದೆ ಎನ್ನುವ ಕಾಸು, ಮಗುವಿನ ಬೆಳವಣಿಗೆಗೆ ಎಷ್ಟು ಮುಖ್ಯ ಅನ್ನುವುದನ್ನು ಈ ವಾರ ಹೇಳಬೇಕೆಂದಿದ್ದೇನೆ.

ಹೊರಗಿನಿಂದ ಬಂದವರಿಗೆ ಇಲ್ಲಿ ಬಡತನ ಕಾಣುವುದೇ ಇಲ್ಲ. ವಿ.ಸಿ. ಫಾರಂ ಗೇಟಿನಲ್ಲಿ ಇಳಿದರೆ ಕಣ್ಣು ಹಾಯಿಸಿದಷ್ಟೂ ಹಸಿರು, ತುಂಬಿ ಹರಿಯುವ ಕಾಲುವೆ, ತೆಂಗು, ಭತ್ತ, ಕಬ್ಬು. 'ಇಲ್ಲೆಂಥ ಬಡತನ ಸಾರ್?' ಎಂದು ಉತ್ತರ ಕರ್ನಾಟಕದ ಗೆಳೆಯರು ಕೇಳಿದ್ದುಂಟು. ನಾಲೆಯ ಮೇಲುಭಾಗದಲ್ಲಿ ನಿಂತು ಕೇಳುವ ಪ್ರಶ್ನೆ ಅದು. ಮದ್ದೂರು, ಮಳವಳ್ಳಿ ಕಡೆಯ ಕೊನೆ ಭಾಗದಲ್ಲಿ ನಿಂತರೆ ಬೇರೆ ಕಾಣುತ್ತದೆ. ಕಟ್ಟು ಪದ್ಧತಿಯಲ್ಲಿ, ಅಂದರೆ ಸರದಿಯಂತೆ, ನೀರು ಬಿಟ್ಟಾಗ ಅಲ್ಲಿಗೆ ಬರುವಷ್ಟರಲ್ಲಿ ಮೇಲಿನವರ ಗದ್ದೆ ಎರಡು ಸಲ ನೆನೆದಿರುತ್ತದೆ. ಅಣ್ಣತಮ್ಮಂದಿರಲ್ಲಿ ಪಾಲಾಗಿ ಪಾಲಾಗಿ ಹಿಡುವಳಿ ಗುಂಟೆ ಲೆಕ್ಕಕ್ಕೆ ಇಳಿದಿದೆ. ಜಮೀನೇ ಇಲ್ಲದವರಿಗೆ ಕೂಲಿ, ಗಾರೆ ಕೆಲಸ, ಗಾರ್ಮೆಂಟ್ಸ್. ಇದು ಹೊಟ್ಟೆಗಿಲ್ಲದ ಬಡತನ ಅಲ್ಲ. ದುಡ್ಡು ಯಾವಾಗ ಬರುತ್ತದೋ ಗೊತ್ತಿಲ್ಲದ ಬಡತನ.

ಕಬ್ಬು ಹನ್ನೆರಡು ತಿಂಗಳ ಬೆಳೆ. ಕಟಾವಿನ ಸರದಿ ಬರುವಾಗ ಹದಿನಾಲ್ಕೂ ಆಗಬಹುದು. ಮೈಸೂರು ಸಂಸ್ಥಾನದ ಕೃಷಿ ನಿರ್ದೇಶಕರಾಗಿದ್ದ ಲೆಸ್ಲಿ ಕೋಲ್ಮನ್ ಮುಂದೆ ನಿಂತು ಕಟ್ಟಿಸಿದ ಮೈಷುಗರ್ ಸಕ್ಕರೆ ಕಾರ್ಖಾನೆ 1933ರಲ್ಲಿ ಶುರುವಾದಾಗಿನಿಂದ ಈ ಸೀಮೆಯ ಮದುವೆ, ತಿಥಿ, ಮನೆ ರಿಪೇರಿ, ಸ್ಕೂಲ್ ಫೀಸು ಎಲ್ಲವೂ ಕಬ್ಬಿನ ಪಂಚಾಂಗ ನೋಡಿಯೇ ನಡೆದಿವೆ. ಅದೇ ಕಾರ್ಖಾನೆ ಕೆಲವು ವರ್ಷ ನಿಂತೇಹೋಗಿ 2022ರಲ್ಲಿ ಮತ್ತೆ ಶುರುವಾಯಿತು. ಕಟ್ಟಿಂಗ್ ಆರ್ಡರ್ ತಡವಾದರೆ ಕಬ್ಬು ಸೂಲಂಗಿ ಬಿಟ್ಟು ಒಣಗುತ್ತದೆ, ತೂಕ ಬೀಳುತ್ತದೆ. ಕಡಿಯುವ ಆಳು ಸಿಗದಿದ್ದರೆ ಇನ್ನಷ್ಟು ದಿನ. ಕಡಿದು ಸಾಗಿಸಿದ ಮೇಲೆ ಬಿಲ್ಲಿಗೆ ಕಾಯುವುದು ಬೇರೆ. ಅಷ್ಟೂ ದಿನ ಮನೆಯಲ್ಲಿ ಮಕ್ಕಳು ಏನು ಕೇಳಿದರೂ ಒಂದೇ ಉತ್ತರ: 'ಕಬ್ಬಿನ ದುಡ್ಡು ಬರ್ಲಿ ಬುಡು ಮಗ, ಕೊಡುಸ್ತೀನಿ.' ಕೇಳಿದ್ದು ಬೂಟಾಗಿರಬಹುದು, ಕನ್ನಡಕವಾಗಿರಬಹುದು, ಕಿವಿ ಸೋರುವುದಕ್ಕೆ ಔಷಧಿಯಾಗಿರಬಹುದು. ಬೂಟು ಕಾಯುತ್ತದೆ. ಕಿವಿ ಕಾಯುವುದಿಲ್ಲ. ಕಿವಿ ಸರಿಯಾಗಿ ಕೇಳದ ಮಗು ಮೊದಲ ಎರಡು ವರ್ಷದ ಶಾಲೆಯನ್ನು ಅರ್ಧ ಮಾತ್ರ ಕೇಳಿಸಿಕೊಂಡಿರುತ್ತದೆ. ಮೇಷ್ಟ್ರ ಲೆಕ್ಕದಲ್ಲಿ ಅದು 'ದಡ್ಡ'.

ಈ ಕಾಯುವಿಕೆ ದೊಡ್ಡವರ ತಲೆಗೆ ಏನು ಮಾಡುತ್ತದೆ ಎಂದು ಅಳೆದು ನೋಡಿದವರಿದ್ದಾರೆ, ಅದೂ ಕಬ್ಬು ಬೆಳೆಗಾರರಲ್ಲೇ. ಆನಂದಿ ಮಣಿ, ಸೆಂಧಿಲ್ ಮುಲ್ಲೈನಾಥನ್, ಎಲ್ಡಾರ್ ಶಫೀರ್ ಮತ್ತು ಜಿಯಾಯಿಂಗ್ ಝಾವ್ 2013ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನ ನಡೆದದ್ದು ನಮ್ಮ ಪಕ್ಕದ ತಮಿಳುನಾಡಿನಲ್ಲಿ, 54 ಹಳ್ಳಿಗಳ 464 ರೈತರ ನಡುವೆ. ಕಬ್ಬನ್ನೇ ಯಾಕೆ ಆರಿಸಿಕೊಂಡರು ಅಂದರೆ, ಕಟಾವು ಯಾವಾಗ ಅನ್ನುವುದನ್ನು ತೀರ್ಮಾನಿಸುವುದು ಕಾರ್ಖಾನೆ, ರೈತನಲ್ಲ. ಒಂದೇ ತಿಂಗಳಲ್ಲಿ ಒಬ್ಬನ ಕೈಯಲ್ಲಿ ದುಡ್ಡಿರುತ್ತದೆ, ಪಕ್ಕದವನು ಇನ್ನೂ ಕಾಯುತ್ತಿರುತ್ತಾನೆ. ಹಾಗಾಗಿ ಹಬ್ಬದ ತಿಂಗಳೋ ಬೇಸಗೆಯೋ ಎಂಬ ಗೊಂದಲ ಇಲ್ಲದೆ ದುಡ್ಡಿನದನ್ನಷ್ಟೇ ಬೇರ್ಪಡಿಸಿ ನೋಡಬಹುದು. ಅದೇ ರೈತನನ್ನು ಕಟಾವಿಗೆ ಮುಂಚೆ ಒಮ್ಮೆ, ಆಮೇಲೆ ಒಮ್ಮೆ ಕೂರಿಸಿ ಸಣ್ಣ ಪರೀಕ್ಷೆ ಕೊಟ್ಟರು. ಒಂದು ಪರೀಕ್ಷೆಯಲ್ಲಿ ಐದು ಎಂಬ ಅಂಕಿಯನ್ನು ಮೂರು ಸಲ ಬರೆದು, ಎಷ್ಟು ಅಂಕಿ ಇವೆ ಎಂದು ಕೇಳುವುದು. ಬಾಯಿ ಐದು ಅನ್ನಲು ಹೋಗುತ್ತದೆ, ತಡೆದು ಮೂರು ಅನ್ನಬೇಕು. ಕಟಾವಿಗೆ ಮುಂಚೆ ಅದೇ ಮನುಷ್ಯ ಹೆಚ್ಚು ತಪ್ಪಿದ, ನಿಧಾನವಾದ. ಇಡೀ ರಾತ್ರಿ ನಿದ್ದೆಗೆಟ್ಟವನಿಗೆ ಆಗುವಷ್ಟು ವ್ಯತ್ಯಾಸ ಎಂದು ಸಂಶೋಧಕರು ಹೋಲಿಸಿದರು. ಆಮೇಲೆ ಬೇರೆ ಕಡೆ ನಡೆದ ಕೆಲವು ಅಧ್ಯಯನಗಳಲ್ಲಿ ಈ ಪರಿಣಾಮ ಇಷ್ಟು ಎದ್ದು ಕಂಡಿಲ್ಲ. ಅಮೆರಿಕದಲ್ಲಿ ಸಂಬಳದ ದಿನದ ಹಿಂದೆಮುಂದೆ ಅಳೆದಾಗ ವ್ಯತ್ಯಾಸವೇ ಸಿಗಲಿಲ್ಲ. ತಿಂಗಳ ಸಂಬಳಕ್ಕೆ ನಾಲ್ಕು ದಿನ ಕಾಯುವುದೂ ಕಬ್ಬಿನ ಬಿಲ್ಲಿಗೆ ವರ್ಷ ಕಾಯುವುದೂ ಒಂದೇ ಅಲ್ಲ ಎಂಬುದು ನನ್ನ ಅಂದಾಜು. ಗಿರವಿ ಇಟ್ಟ ಮಾಂಗಲ್ಯದ ಬಡ್ಡಿ ಲೆಕ್ಕ ತಲೆಯಲ್ಲಿ ಓಡುತ್ತಿರುವವನನ್ನು ಮಾತಾಡಿಸಿ ನೋಡಿದ ಯಾರಿಗೂ ಇದು ಹೊಸ ಸುದ್ದಿಯಲ್ಲ.

ಅಪ್ಪ ಅವ್ವನ ತಲೆ ಹೀಗೆ ಬೇರೆಡೆ ಸಿಕ್ಕಿಕೊಂಡಾಗ ಮಗುವಿಗೆ ಕಡಿಮೆಯಾಗುವುದು ಮೊದಲು ಅನ್ನವಲ್ಲ, ಮಾತು. ಹೋಂವರ್ಕ್ ಏನು ಕೊಟ್ಟರು ಎಂದು ಕೇಳುವವರಿಲ್ಲ. ಕತೆಯಿಲ್ಲ. ಜ್ವರ ಬಂದರೆ 'ನಾಳೆ ನೋಡೋಣ'. ಸಣ್ಣ ತಪ್ಪಿಗೆ ದೊಡ್ಡ ಏಟು, ದೊಡ್ಡ ತಪ್ಪಿಗೆ ಏನೂ ಇಲ್ಲ. ಯಾವ ದಿನ ಯಾವುದು ಬೀಳುತ್ತದೋ ಮಗುವಿಗೆ ತಿಳಿಯುವುದಿಲ್ಲ. ಗಂಡ ಹೆಂಡತಿ ಜಗಳ ದುಡ್ಡಿನಿಂದ ಶುರುವಾಗಿ ತವರುಮನೆಯವರ ಹೆಸರೆತ್ತಿ, ಕೊನೆಗೆ ಕುಡಿತದಲ್ಲಿ ನಿಲ್ಲುತ್ತದೆ. ಮದ್ದೂರು ಕಡೆಯ ಒಬ್ಬ ಅಂಗನವಾಡಿ ಕಾರ್ಯಕರ್ತೆ ನನಗೆ ಹೇಳಿದ್ದು ಹೀಗೆ: 'ಸಾರ್, ಮನೇಲಿ ದುಡ್ಡು ಆಡ್ತಾ ಅದೋ ಇಲ್ವೋ ಅನ್ನೋದ ಮಗ ಬಂದು ಕೂತ್ಕಳೋ ವರ್ಸೇಲೇ ಹೇಳ್ತೀನಿ. ಇಲ್ದಿದ್ದಾಗ ಒಂದೋ ಹೊಡ್ದಾಡ್ತವೆ, ಇಲ್ಲ ಮೂಲೆ ಹಿಡ್ಕಂಡು ಕೂತ್ಬುಡ್ತವೆ.' ಆಕೆ ಮನಃಶಾಸ್ತ್ರ ಓದಿದವರಲ್ಲ. ಆದರೆ ತುಂಬಾ ದಿನ ಹೆದರಿಕೆಯಲ್ಲಿದ್ದ ಮಗು ಹೆಚ್ಚಾಗಿ ಈ ಎರಡರಲ್ಲಿ ಒಂದು ದಾರಿ ಹಿಡಿಯುತ್ತದೆ ಎಂದು ಓದಿದವರೂ ಹೇಳುತ್ತಾರೆ. ಸದಾ ಅಪಾಯಕ್ಕೆ ಕಾಯುತ್ತಿರುವ ಮಿದುಳಿಗೆ ಮಗ್ಗಿ ಹಿಡಿಸುವುದಿಲ್ಲ.

ಇನ್ನು ಮೈಯ ವಿಷಯ. ಮಗುವಿನ ಮಿದುಳು ಎರಡು ವರ್ಷ ತುಂಬುವಷ್ಟರಲ್ಲಿ ದೊಡ್ಡವರ ಮಿದುಳಿನ ಗಾತ್ರದ ಐದರಲ್ಲಿ ನಾಲ್ಕು ಪಾಲು ಬೆಳೆದಿರುತ್ತದೆ. ಆ ಹೊತ್ತಿನಲ್ಲಿ ತಪ್ಪಿದ್ದನ್ನು ಒಂದನೇ ಕ್ಲಾಸಿನ ಬಿಸಿಯೂಟದಲ್ಲಿ ತುಂಬಿಕೊಡುವುದು ಕಷ್ಟ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 35.4ರಷ್ಟು ಮಂದಿ ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ. ಶೇ. 65.5ರಷ್ಟು ಮಕ್ಕಳಿಗೆ ರಕ್ತಹೀನತೆ. ಹಿಂದಿನ ಸಮೀಕ್ಷೆಯಲ್ಲಿ ಇದು 60.9 ಇತ್ತು. ಕುಳ್ಳಗಿದ್ದರೇನಂತೆ, ಅಪ್ಪನೂ ಕುಳ್ಳಗಿದ್ದಾನೆ ಎಂದು ನಕ್ಕು ಬಿಡುವ ವಿಷಯ ಅಲ್ಲ ಇದು. ಎತ್ತರ ಇಲ್ಲಿ ಒಂದು ಗುರುತು ಮಾತ್ರ. ಗರ್ಭದಿಂದ ಹಿಡಿದು ಪದೇ ಪದೇ ಬಂದ ಭೇದಿ, ಸಾಕಾಗದ ಆಹಾರ, ಕಬ್ಬಿಣದ ಕೊರತೆ ಎಲ್ಲವೂ ಆ ಎತ್ತರದಲ್ಲಿ ದಾಖಲಾಗಿರುತ್ತವೆ.

ವಿಪರ್ಯಾಸ ಅಂದರೆ ಇದಕ್ಕೆ ಬೇಕಾದ ಪದಾರ್ಥ ಹುಟ್ಟಿದ್ದು ಇಲ್ಲೇ. ವಿ.ಸಿ. ಫಾರಂನಲ್ಲಿ 'ರಾಗಿ ಲಕ್ಷ್ಮಣಯ್ಯ' ಎಂದೇ ಹೆಸರಾದ ಡಾ. ಸಿ.ಎಚ್. ಲಕ್ಷ್ಮಣಯ್ಯನವರು ನಮ್ಮ ರಾಗಿಗೆ ಆಫ್ರಿಕಾದ ರಾಗಿಯನ್ನು ಕೂಡಿಸಿ ಇಂಡಾಫ್ ತಳಿಗಳನ್ನು ಕೊಟ್ಟರು. ಎಕರೆಗೆ ಸಿಗುತ್ತಿದ್ದ ರಾಗಿ ತುಂಬಾ ಹೆಚ್ಚಿತು. ಬಡವರ ಹೊಟ್ಟೆಗೆ ಆ ಮನುಷ್ಯ ಮಾಡಿದಷ್ಟು ಉಪಕಾರವನ್ನು ಮಾಡಿದ ಮಂತ್ರಿಗಳು ಕಡಿಮೆ. ನೂರು ಗ್ರಾಂ ರಾಗಿಯಲ್ಲಿ ಮುನ್ನೂರು ಮಿಲಿಗ್ರಾಂಗೂ ಹೆಚ್ಚು ಸುಣ್ಣದ ಅಂಶ ಇದೆ. ಆದರೆ ನೀರಾವರಿ ಗದ್ದೆಯಲ್ಲಿ ಈಗ ರಾಗಿ ಎಲ್ಲಿದೆ? ದುಡ್ಡು ತರುವುದು ಕಬ್ಬು ಎಂದು ಗದ್ದೆಯೆಲ್ಲ ಕಬ್ಬಾಯಿತು. ಮೊರದಲ್ಲಿ ರಾಗಿ ಕೇರುತ್ತಿದ್ದ ಮನೆಗೆ ಅಂಗಡಿಯಿಂದ ಐದು ರೂಪಾಯಿಯ ಬಿಸ್ಕತ್ತು ಪೊಟ್ಟಣ ಬಂತು. ಬೆಳಿಗ್ಗೆ ಎಂಟಕ್ಕೆ ಯಾವ ಹಳ್ಳಿಗಾದರೂ ಹೋಗಿ ನೋಡಿ, ಒಂದೂವರೆ ವರ್ಷದ ಮಗು ಟೀಯಲ್ಲಿ ಬಿಸ್ಕತ್ತು ಅದ್ದಿಕೊಂಡು ತಿನ್ನುತ್ತಿರುತ್ತದೆ. ಟೀಯಲ್ಲಿರುವ ಒಗರು ಊಟದ ಕಬ್ಬಿಣವನ್ನು ಮೈಗೆ ಹತ್ತಲು ಬಿಡುವುದಿಲ್ಲ ಎಂದು ಆ ತಾಯಿಗೆ ಯಾರೂ ಹೇಳಿರುವುದಿಲ್ಲ. ಹೇಳಿದರೂ ಗಾರ್ಮೆಂಟ್ಸ್ ವ್ಯಾನು ಬರುವ ಹೊತ್ತಿಗೆ ಗಂಜಿ ಕಾಯಿಸಿ ಕೂತು ತಿನ್ನಿಸುವ ಪುರುಸೊತ್ತು ಎಲ್ಲಿದೆ?

ಹಾಲಿನದೂ ಹೀಗೇ. ಮನೆಯ ಹಸುವಿನ ಹಾಲು ಬೆಳಿಗ್ಗೆ ಡೇರಿಗೆ ಹೋಗುತ್ತದೆ. ಅಲ್ಲಿಂದ ಪುಡಿಯಾಗಿ, 2013ರಲ್ಲಿ ಶುರುವಾದ ಕ್ಷೀರಭಾಗ್ಯದಲ್ಲಿ ಲೋಟದ ಹಾಲಾಗಿ ಅದೇ ಮನೆಯ ಮಗುವಿಗೆ ಶಾಲೆಯಲ್ಲಿ ವಾಪಸು ಬರುತ್ತದೆ. 2024ರಿಂದ ಅದಕ್ಕೆ ವಾರದಲ್ಲಿ ಮೂರು ದಿನ ರಾಗಿ ಮಾಲ್ಟ್ ಕೂಡ ಸೇರಿತು. ಇದನ್ನು ನೋಡಿ ನಗುವವರಿದ್ದಾರೆ. ನಾನು ನಗುವುದಿಲ್ಲ. ಹಾಲನ್ನು ಮನೆಯಲ್ಲೇ ಇಟ್ಟುಕೊಳ್ಳಿ ಎಂದು ಉಪದೇಶ ಮಾಡುವುದು ಸುಲಭ, ಆದರೆ ಡೇರಿಯ ಬಟವಾಡೆ ವಾರಕ್ಕೋ ಹದಿನೈದು ದಿನಕ್ಕೋ ತಪ್ಪದೆ ಬರುವ ದುಡ್ಡು. ಈ ಸೀಮೆಯ ಹೆಂಗಸರು ಕಬ್ಬನ್ನು ಗಂಡನಿಗೆ ಬಿಟ್ಟು ಹಸುವನ್ನು ತಾವು ಹಿಡಿದುಕೊಂಡಿರುವುದರಲ್ಲಿ ದೊಡ್ಡ ಅರ್ಥಶಾಸ್ತ್ರ ಇದೆ. ನೋಟ್‌ಬುಕ್ಕು, ಔಷಧಿ, ಬಸ್ ಚಾರ್ಜು ಎಲ್ಲಾ ಹಾಲಿನ ದುಡ್ಡಿನಿಂದ. ಕಬ್ಬಿನ ದುಡ್ಡು ಬಂದ ದಿನವೇ ಸಾಲದವರ ಪಾಲು.

ಬರುವುದು ವರ್ಷಕ್ಕೊಮ್ಮೆ, ಕೊಡುವುದು ಮಾತ್ರ ವಾರವಾರ. ಮೈಕ್ರೋ ಫೈನಾನ್ಸ್‌ನವರ ಕಂತು ಕಬ್ಬಿನ ಸರದಿ ಕೇಳಿಕೊಂಡು ಬರುವುದಿಲ್ಲ. ಒಂದು ಸಂಘದ ಕಂತು ಕಟ್ಟಲು ಇನ್ನೊಂದು ಸಂಘದಲ್ಲಿ ಸಾಲ, ಅದಕ್ಕೆ ಮೂರನೆಯದು. ಮನೆ ಬಾಗಿಲಲ್ಲಿ ಕೂತು ವಸೂಲಿ ಮಾಡುವ ಕಾಟ ಮಿತಿಮೀರಿ, ಊರು ಬಿಟ್ಟವರ, ಜೀವ ಕಳೆದುಕೊಂಡವರ ಸುದ್ದಿಗಳು ಸಾಲುಗಟ್ಟಿದ ಮೇಲೆ 2025ರ ಫೆಬ್ರುವರಿಯಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆ ತಂದಿತು. ಆ ಸುದ್ದಿಗಳಲ್ಲಿ ಮಕ್ಕಳ ಪ್ರಸ್ತಾಪ ಬರುವುದು ಎಷ್ಟು ಜನ ಅನಾಥರಾದರು ಎಂಬ ಒಂದು ಸಾಲಿನಲ್ಲಿ ಮಾತ್ರ. ಜೀವ ಹೋಗದ ಸಾವಿರಾರು ಮನೆಗಳಲ್ಲಿ ಕಂತಿನ ದಿನ ಮಗುವನ್ನು ಬಾಗಿಲಿಗೆ ಕಳಿಸಿ 'ಅವ್ವ ಮನೇಲಿಲ್ಲ ಅನ್ನು' ಎಂದು ಹೇಳಿಕೊಟ್ಟಿರುತ್ತಾರೆ.

ಒಂದು ಅಡ್ಡ ಮಾತು. 2023ರ ಫೆಬ್ರುವರಿಯಲ್ಲಿ ಮದ್ದೂರು ಕಡೆಯಿಂದ ಮದುವೆಯಾಗದ ಯುವಕರು ಹೆಣ್ಣು ಸಿಗಲೆಂದು ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಹೋದಾಗ ದೇಶವೆಲ್ಲ ನಕ್ಕಿತು. ಹೆಣ್ಣು ಹೆತ್ತವರು ದುರಾಸೆಯವರು ಎಂದು ಹಲವರು ಬರೆದರು. 'ಎರಡೆಕರೆ ಗದ್ದೆ ಇದ್ದರೂ ಬೇಡ, ಹದಿನೈದು ಸಾವಿರ ಸಂಬಳದ ಹುಡುಗನೇ ಆಗಲಿ' ಎನ್ನುವ ತಾಯಿಯ ಲೆಕ್ಕ ದುರಾಸೆಯದಲ್ಲ. ತಿಂಗಳ ಒಂದನೇ ತಾರೀಖು ಎಂಬುದು ಇರುವ ಮನೆಯಲ್ಲಿ ಮೊಮ್ಮಕ್ಕಳು ಹೇಗೆ ಬೆಳೆಯುತ್ತವೆ, ಅದಿಲ್ಲದ ಮನೆಯಲ್ಲಿ ತನ್ನ ಮಕ್ಕಳು ಹೇಗೆ ಬೆಳೆದವು ಎಂಬುದನ್ನು ಆಕೆ ಕಂಡಿದ್ದಾಳೆ. ಅದೇ ಲೆಕ್ಕದ ಕೆಟ್ಟ ಮುಖವೂ ಇದೆ: ಒಳ್ಳೆಯ ಸಂಬಂಧ ಕೈತಪ್ಪೀತೆಂದು ಹುಡುಗಿಯನ್ನು ಓದು ಬಿಡಿಸಿ ಕಳಿಸುವುದು. ರಾಜ್ಯದಲ್ಲಿ 20ರಿಂದ 24ರ ವಯಸ್ಸಿನ ಹೆಣ್ಣುಮಕ್ಕಳಲ್ಲಿ ಶೇ. 21.3ರಷ್ಟು ಜನಕ್ಕೆ ಹದಿನೆಂಟು ತುಂಬುವ ಮುಂಚೆಯೇ ಮದುವೆಯಾಗಿತ್ತು ಎನ್ನುತ್ತದೆ ಅದೇ ಕುಟುಂಬ ಆರೋಗ್ಯ ಸಮೀಕ್ಷೆ. ಆ ಎಳೆಯ ತಾಯಿಯ ಮಗು ಮತ್ತೆ ತೂಕ ಕಡಿಮೆ.

ಇಷ್ಟಾದರೂ ನಮ್ಮ ಮಕ್ಕಳಿಗೊಂದು ಊರು, ಒಬ್ಬ ಅಜ್ಜಿ, ಒಂದು ಅಂಗನವಾಡಿ ಇದೆ. ನಮ್ಮ ಕಬ್ಬು ಕಡಿಯಲು ಬಳ್ಳಾರಿ ಕಡೆಯಿಂದ ಬಂದು ಗದ್ದೆ ಬದಿಯಲ್ಲಿ ಟೆಂಟು ಹಾಕಿಕೊಳ್ಳುವವರ ಮಕ್ಕಳಿಗೆ ಅದೂ ಇಲ್ಲ. ಕಟಾವಿನ ಕಾಲದಲ್ಲಿ ಆ ಮಕ್ಕಳ ಹೆಸರು ಅವರೂರಿನ ಹಾಜರಿ ಪುಸ್ತಕದಲ್ಲಿ, ಮಕ್ಕಳು ನಮ್ಮ ಗದ್ದೆಯಲ್ಲಿ. ಕೂಲಿಯವರ ಕೂಸುಗಳಿಗೆಂದು ಪಂಚಾಯ್ತಿಗಳಲ್ಲಿ ತೆರೆದ 'ಕೂಸಿನ ಮನೆ'ಗಳು ನರೇಗಾ ಕೂಲಿಯವರನ್ನು ಮನಸ್ಸಿನಲ್ಲಿಟ್ಟುಕೊಂಡು ಶುರುವಾದವು. ಗದ್ದೆಯ ಟೆಂಟಿನ ಕೂಸನ್ನೂ ಅಲ್ಲಿಗೆ ಸೇರಿಸಿಕೊಳ್ಳಲು ಪಂಚಾಯ್ತಿಯವರು ದೊಡ್ಡ ಆದೇಶಕ್ಕೆ ಕಾಯಬೇಕಿಲ್ಲ.

ಹಾಗಾದರೆ ದುಡ್ಡು ಕೊಟ್ಟುಬಿಟ್ಟರೆ ಎಲ್ಲಾ ಸರಿಹೋಗುತ್ತದೆಯೇ ಎಂದು ಮೇಷ್ಟ್ರುಗಳು ಕೇಳುತ್ತಾರೆ. ಇಲ್ಲ. ಅಮೆರಿಕದಲ್ಲಿ ಸಾವಿರ ಬಡ ತಾಯಂದಿರಲ್ಲಿ ಕೆಲವರಿಗೆ ತಿಂಗಳಿಗೆ 333 ಡಾಲರ್, ಉಳಿದವರಿಗೆ 20 ಡಾಲರ್ ಕೊಡುತ್ತಾ ಹೋಗಿ, ಮಕ್ಕಳಿಗೆ ನಾಲ್ಕು ವರ್ಷವಾದಾಗ ಅಳೆದರೆ ಬುದ್ಧಿ ಬೆಳವಣಿಗೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಆದರೆ ಅದೇ ದೇಶದ ನಾರ್ತ್ ಕ್ಯಾರೊಲಿನಾದಲ್ಲಿ ಚೆರೋಕಿ ಆದಿವಾಸಿಗಳ ಕ್ಯಾಸಿನೊ ಶುರುವಾಗಿ, ಅದರ ಲಾಭದಲ್ಲಿ ಪಾಲು ಆರು ತಿಂಗಳಿಗೊಮ್ಮೆ ಬುಡಕಟ್ಟಿನ ಪ್ರತಿಯೊಬ್ಬರಿಗೂ ಸಿಗತೊಡಗಿದಾಗ ಬಡತನದಿಂದ ಮೇಲೆದ್ದ ಮನೆಗಳ ಮಕ್ಕಳಲ್ಲಿ ಹಟ, ಹೊಡೆದಾಟ, ಪುಂಡತನ ಇಳಿಯಿತು. ಜೇನ್ ಕೊಸ್ಟೆಲೊ ಮತ್ತವರ ಜೊತೆಗಾರರು 2003ರಲ್ಲಿ ಪ್ರಕಟಿಸಿದ ಆ ಅಧ್ಯಯನದಲ್ಲಿ ಕಾರಣವೂ ಇತ್ತು: ತಂದೆತಾಯಿಗೆ ಮಕ್ಕಳ ಮೇಲೆ ಕಣ್ಣಿಡಲು ಪುರುಸೊತ್ತು ಸಿಕ್ಕಿತ್ತು. ಜಮೈಕಾದಲ್ಲಿ ಸ್ಯಾಲಿ ಗ್ರಾಂಥಮ್-ಮೆಗ್ರೆಗರ್ ಇನ್ನೊಂದು ಬಗೆಯಲ್ಲಿ ನೋಡಿದರು. ಬೆಳವಣಿಗೆ ಕುಂಠಿತವಾದ ಕೂಸುಗಳ ಮನೆಗೆ ಎರಡು ವರ್ಷ ವಾರಕ್ಕೊಮ್ಮೆ ಆರೋಗ್ಯ ಸಹಾಯಕಿಯರು ಹೋಗಿ, ಡಬ್ಬ, ಮುಚ್ಚಳದಂಥವುಗಳಿಂದ ಮಾಡಿದ ಆಟಿಕೆ ಹಿಡಿದು ಮಗುವಿನ ಜೊತೆ ಆಡುವುದನ್ನು, ಮಾತಾಡುವುದನ್ನು ತಾಯಿಗೆ ತೋರಿಸಿಕೊಟ್ಟರು. ಇಪ್ಪತ್ತು ವರ್ಷದ ನಂತರ ಆ ಮಕ್ಕಳ ಸಂಪಾದನೆ ಉಳಿದವರಿಗಿಂತ ಶೇ. 25ರಷ್ಟು ಹೆಚ್ಚಿತ್ತು. ಮಾತಿಗೆ ಖರ್ಚಿಲ್ಲ ನಿಜ, ಆದರೆ ಮಾತಾಡಲು ತಲೆ ಬಿಡುವಾಗಿರಬೇಕು. ನಮ್ಮಲ್ಲಿ ಹಾಗೆ ಮನೆಮನೆಗೆ ಹೋಗಬಲ್ಲವರು ಅಂಗನವಾಡಿಯವರು. ಆ ಯೋಜನೆ 1975ರಲ್ಲಿ ರಾಜ್ಯದಲ್ಲಿ ಮೊದಲು ಬಂದದ್ದು ಮಳವಳ್ಳಿಯ ಮಗ್ಗುಲಿನ ತಿ. ನರಸೀಪುರಕ್ಕೆ. ಐವತ್ತು ವರ್ಷದಲ್ಲಿ ಅದು ತೂಕ ಹಾಕುವುದನ್ನು, ಉಣ್ಣಿಸುವುದನ್ನು ಚೆನ್ನಾಗಿ ಕಲಿತಿದೆ. ಮೂರು ವರ್ಷದೊಳಗಿನ ಕೂಸಿನ ಮನೆಗೆ ಹೋಗಿ ಆಡಿಸಿ ಬರುವುದಕ್ಕೆ ಆ ಕಾರ್ಯಕರ್ತೆಗೆ ಸರ್ವೆ, ಚುನಾವಣೆ, ಆ್ಯಪ್ ತುಂಬುವುದರ ನಡುವೆ ಸಮಯ ಬಿಟ್ಟಿಲ್ಲ.

ಗೃಹಲಕ್ಷ್ಮಿಯ ಎರಡು ಸಾವಿರದ ಬಗ್ಗೆ ನನ್ನ ಅಭಿಪ್ರಾಯ ಕೇಳುವವರಿಗೂ ಇದೇ ಉತ್ತರ. ಆ ದುಡ್ಡು ದೊಡ್ಡದಲ್ಲ, ಅದು ಹೆಂಗಸಿನ ಖಾತೆಗೆ ತಿಂಗಳು ತಿಂಗಳು ಬರುತ್ತದೆ ಎಂಬುದು ದೊಡ್ಡದು. ಎರಡು ಮೂರು ತಿಂಗಳದ್ದು ತಡೆದು ಒಟ್ಟಿಗೆ ಹಾಕಿದಾಗ ಮೊತ್ತ ಅಷ್ಟೇ ಇರುತ್ತದೆ, ಆದರೆ ಅರ್ಧ ಉಪಯೋಗ ಹೋಗಿರುತ್ತದೆ. ನಡುವಿನ ತಿಂಗಳಲ್ಲಿ ಆಕೆ ಬಡ್ಡಿಗೆ ಕೈಚಾಚಿರುತ್ತಾಳೆ.

ಕಬ್ಬಿಗೂ ಒಂದು ಗಡುವಿದೆ. 1966ರ ಕಬ್ಬು ನಿಯಂತ್ರಣ ಆದೇಶದಂತೆ ಕಬ್ಬು ತಲುಪಿದ 14 ದಿನದೊಳಗೆ ಕಾರ್ಖಾನೆ ಹಣ ಕೊಡಬೇಕು, ತಪ್ಪಿದರೆ ವರ್ಷಕ್ಕೆ ಶೇ. 15ರ ಬಡ್ಡಿ ಸೇರಿಸಿ ಕೊಡಬೇಕು. ಆ ಬಡ್ಡಿಯನ್ನು ಎಣಿಸಿಕೊಂಡ ರೈತನನ್ನು ನಾನಂತೂ ಕಂಡಿಲ್ಲ. ಬಾಕಿ ಬೆಳೆದಾಗ ಜಿಲ್ಲಾಧಿಕಾರಿ ಕಚೇರಿಯಲ್ಲಿ ಸಭೆ ನಡೆಯುತ್ತದೆ. ಆಹಾರ ಇಲಾಖೆಯವರು, ಕಾರ್ಖಾನೆಯವರು, ಹಸಿರು ಟವೆಲಿನ ರೈತಸಂಘದವರು ಬರುತ್ತಾರೆ, ಒಂದಷ್ಟು ಕೂಗಾಡಿ ಕಾಫಿ ಕುಡಿದು ಏಳುತ್ತಾರೆ. ಮುಂದಿನ ಸಭೆಗೆ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯವರನ್ನೂ ಕರೆಯಬೇಕು. ಬಾಕಿ ಉಳಿದ ತಿಂಗಳುಗಳಲ್ಲಿ ಕೊನೆ ಭಾಗದ ಹಳ್ಳಿಗಳ ಅಂಗನವಾಡಿಯಲ್ಲಿ ಮಕ್ಕಳ ತೂಕ ಎಷ್ಟಿತ್ತು, ಹಾಜರಿ ಎಷ್ಟಿತ್ತು ಎಂಬ ರಿಜಿಸ್ಟರನ್ನು ಅವರು ಕಾರ್ಖಾನೆಯವರ ಮುಂದೆ ಬಿಚ್ಚಿಡಲಿ. ಆಮೇಲೆ ಎಷ್ಟು ದಿನದ ಗಡುವು ಬೇಕೆಂದು ಕಾರ್ಖಾನೆಯವರೇ ಕೇಳಲಿ.